ಗೋಮುಖ ಹಿಂದೆ ಸರಿದದ್ದು ಯಾವ ವರ್ಷದ ಬಿಸಿಲಿಗೆ?

ಗವಿಮಠ ಓಣಿ, ಕೊಪ್ಪಳ · ಮೇ 26, ರಾತ್ರಿ 9:12

ಎಲ್ಲರಿಗೂ ನಮಸ್ಕಾರ. ಹೋದ ವಾರ ಗಂಗೋತ್ರಿ ಮುಗಿಸಿ ಬಂದೆವು. ಊರಿಂದ ಎಂಟು ಜನ ಹೋಗಿದ್ದೆವು. ದೇವಸ್ಥಾನದಿಂದ ಮುಂದೆ ಗೋಮುಖದವರೆಗೆ, ಅಂದರೆ ಗಂಗೋತ್ರಿ ಹಿಮನದಿಯ ಕೆಳತುದಿಯವರೆಗೆ, 18 ಕಿಲೋಮೀಟರ್ ನಡೆದವರು ಮೂವರೇ.

ಬಿಳಿ ಹಿಮದ ಗೋಡೆ ಇರುತ್ತೆ ಅಂದುಕೊಂಡಿದ್ದೆ. ಎದುರಿಗೆ ಕಂಡದ್ದು ನಮ್ಮ ಕಡೆಯ ಕಲ್ಲು ಕ್ವಾರಿಯ ಹಾಗಿತ್ತು. ಬೂದು ಮಣ್ಣು, ಜಲ್ಲಿ, ಬಂಡೆ. ದೂರದಲ್ಲೇ ನಿಂತು ನೋಡುತ್ತಿದ್ದಾಗ ಒಂದು ಬಿರುಕಿನೊಳಗೆ ನೀಲಿ ಬಣ್ಣ ಕಂಡಿತು. ಇಡೀ ಗುಡ್ಡವೇ ಮಂಜುಗಡ್ಡೆ, ಕಲ್ಲು ಬರೀ ಮೇಲಿನ ಹೊದಿಕೆ ಅಂತ ಆಗ ಗೊತ್ತಾಯಿತು. ಬಿಸಿಲೇರುತ್ತಿದ್ದ ಹಾಗೆ ಮೇಲಿಂದ ಒಂದೊಂದೇ ಕಲ್ಲು ಜಾರಿ ಹೊಳೆಗೆ ಬೀಳುತ್ತಿತ್ತು. ಭಾಗೀರಥಿ ನೀರು ಸಿಮೆಂಟು ಕಲಸಿದ ಬಣ್ಣ. ಕೈ ಅದ್ದಿದರೆ ಹತ್ತು ಎಣಿಸುವುದರೊಳಗೆ ಜೋಮು ಹಿಡಿಯಿತು.

ಅಪ್ಪ 1991ರಲ್ಲಿ ಇಲ್ಲಿಗೆ ಬಂದಿದ್ದರು. ಅವರ ಫೋಟೋ ಜೇಬಿನಲ್ಲಿ ಇಟ್ಟುಕೊಂಡು ಹೋಗಿದ್ದೆ. ಹಿಂದಿನ ಬೆಟ್ಟದ ಸಾಲನ್ನು ಗುರುತು ಹಿಡಿದು ಅವರು ನಿಂತ ಜಾಗ ಹುಡುಕಿದೆ. ಫೋಟೋದಲ್ಲಿ ಅವರ ಬೆನ್ನ ಹಿಂದೆಯೇ ನೀರು ಹೊರಬರುವ ಐಸಿನ ಗುಹೆಯ ಬಾಯಿ ಇದೆ. ಈಗ ಅಲ್ಲಿಂದ ಬಾಯಿ ಮುಟ್ಟಬೇಕಾದರೆ ಕಲ್ಲು ಹತ್ತಿ ಇಳಿದು ಬಹಳ ದೂರ ಹೋಗಬೇಕು. ಅಪ್ಪ ಈಗಿಲ್ಲ. ಆ ಜಾಗದಲ್ಲಿ ಸ್ವಲ್ಪ ಹೊತ್ತು ಸುಮ್ನೆ ಕೂತೆ.

ಚಹಾ ಕೊಟ್ಟವರು ಹೇಳಿದರು, ಎರಡು ಮೂರು ವರ್ಷದಿಂದ ಬಿಸಿಲು ಜಾಸ್ತಿ, ಅದಕ್ಕೇ ಹೀಗೆ ಅಂತ. ನನಗೆ ತಲೆಯಲ್ಲಿ ಹುಳ ಬಿಟ್ಟ ಹಾಗಾಗಿದೆ. ನಿಜವಾಗಿ ಯಾವ ಬಿಸಿಲಿಗೆ ಇಷ್ಟು ಕರಗಿದ್ದು? ಇವತ್ತಿನ ಬಿಸಿಲು ಇಷ್ಟಕ್ಕೇ ನಿಂತರೆ ಅದೂ ಇದ್ದಲ್ಲೇ ನಿಲ್ಲುತ್ತಾ? ತಿಳಿದವರು ಹೇಳಿ.

ಕೋಟೆ ಕೆಳಗಿನವನು, ಬಳ್ಳಾರಿ · ರಾತ್ರಿ 9:40

ಬಿಸಿಲೇ ಅಲ್ವಾ ಕಾರಣ, ಇನ್ನೇನು? ನಮ್ಮಲ್ಲಿ ಏಪ್ರಿಲ್ ಬಂದರೆ ಬಂಡೆ ಮುಟ್ಟೋಕಾಗಲ್ಲ. ಐಸು ಬಿಸಿಲಿಗಿಟ್ಟರೆ ಆಗಲೇ ಕರಗುತ್ತೆ, ಹತ್ತು ವರ್ಷ ಬಿಟ್ಟು ಕರಗಲ್ಲ. ಇನ್ನೊಂದು, 2035ಕ್ಕೆ ಹಿಮಾಲಯದ ಹಿಮನದಿ ಎಲ್ಲ ಖಾಲಿ ಅಂತ ಎಲ್ಲೋ ಓದಿದ್ದೆ. ಇನ್ನೆಷ್ಟು ವರ್ಷ ಉಳಿದಿದೆ ಹಾಗಾದರೆ?

ಹಿಮದ ಓದು · ರಾತ್ರಿ 10:25

ನಾನು ರಾಯಚೂರಿನವನು. ಡೆಹ್ರಾಡೂನ್‌ನಲ್ಲಿದ್ದುಕೊಂಡು ಹಿಮನದಿಗಳ ಮೇಲೆ ಪಿಎಚ್‌ಡಿ ಮಾಡುತ್ತಿದ್ದೇನೆ. ಈ ಪ್ರಶ್ನೆ ನಮ್ಮ ಓದಿನ ನಡುಮನೆಯಲ್ಲೇ ಇರುವಂಥದ್ದು, ಅದಕ್ಕೆ ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲು 2035ರ ಮಾತು. ಅದು ತಪ್ಪು. ವಿಶ್ವಸಂಸ್ಥೆಯ ಹವಾಮಾನ ಸಮಿತಿ ಐಪಿಸಿಸಿಯ 2007ರ ವರದಿಯೊಳಗೆ ಸೇರಿಕೊಂಡಿತ್ತು. 2010ರ ಜನವರಿಯಲ್ಲಿ ಅವರೇ ತಪ್ಪೊಪ್ಪಿ ಹಿಂದಕ್ಕೆ ತೆಗೆದುಕೊಂಡರು. ಹದಿನೈದು ವರ್ಷ ಮೇಲಾದರೂ ಆ ಸಂಖ್ಯೆ ಜನರ ಬಾಯಲ್ಲಿ ಓಡಾಡುತ್ತಿದೆ. ದಯವಿಟ್ಟು ಬಿಟ್ಟುಬಿಡಿ. ಗಂಗೋತ್ರಿ ಹಿಮನದಿ ಸುಮಾರು 30 ಕಿಲೋಮೀಟರ್ ಉದ್ದ. ಅಷ್ಟು ಬೇಗ ಖಾಲಿಯಾಗುವ ಗಾತ್ರ ಅಲ್ಲ ಅದು.

ಈಗ ಮುಖ್ಯ ವಿಷಯ. ಹಿಮನದಿ ಹಿಂದೆ ಸರಿಯಿತು ಅಂತೀವಿ. ಆದರೆ ಐಸು ಯಾವತ್ತೂ ಹಿಂದಕ್ಕೆ ನಡೆಯುವುದಿಲ್ಲ. ಮೇಲಿಂದ ಕೆಳಕ್ಕೆ ನಿಧಾನವಾಗಿ ಹರಿಯುತ್ತಲೇ ಇರುತ್ತದೆ. ಒಲೆಗೆ ಉದ್ದನೆ ಕಟ್ಟಿಗೆ ತಳ್ಳುತ್ತೀವಲ್ಲ, ಹಾಗೆ. ಉರಿಯುವಷ್ಟೇ ತಳ್ಳಿದರೆ ಉರಿಯುವ ತುದಿ ಇದ್ದಲ್ಲೇ ಇರುತ್ತದೆ. ತಳ್ಳುವುದು ಕಡಿಮೆಯಾದರೂ ತುದಿ ಹೊರಗೆ ಬರುತ್ತದೆ, ಉರಿ ಜಾಸ್ತಿಯಾದರೂ ಬರುತ್ತದೆ.

ಹಿಮನದಿಯ ಮೇಲ್ಭಾಗದಲ್ಲಿ ವರ್ಷಕ್ಕೆ ಬೀಳುವ ಹಿಮ ಕರಗುವುದಕ್ಕಿಂತ ಜಾಸ್ತಿ. ಉಳಿದದ್ದು ಪದರ ಪದರವಾಗಿ ಅದುಮಿಕೊಂಡು ಗಟ್ಟಿ ಮಂಜುಗಡ್ಡೆಯಾಗುತ್ತದೆ. ಕೆಳಭಾಗದಲ್ಲಿ ಕರಗುವುದು ಜಾಸ್ತಿ. ಎರಡೂ ಸಮ ಇರುವ ಒಂದು ಎತ್ತರ ಇದೆ, ಅದನ್ನು ಸಮತೋಲನ ರೇಖೆ ಅಂತೀವಿ. ಹವೆ 1 ಡಿಗ್ರಿ ಬಿಸಿಯಾದರೆ ಈ ರೇಖೆ ಸುಮಾರು 100ರಿಂದ 150 ಮೀಟರ್ ಮೇಲಕ್ಕೆ ಏರುತ್ತದೆ. ಕೂಡುವ ಜಾಗ ಕಿರಿದಾಯಿತು, ಖರ್ಚಿನ ಜಾಗ ಹಿಗ್ಗಿತು. ಇಷ್ಟು ಆ ವರ್ಷವೇ ಆಗುತ್ತದೆ. ಬಳ್ಳಾರಿಯವರು ಹೇಳಿದ್ದು ಈ ಮಟ್ಟಿಗೆ ಸರಿ, ಮೇಲ್ಮೈ ಕರಗುವುದಕ್ಕೆ ಇವತ್ತಿನ ಬಿಸಿಲೇ ಸಾಕು.

ಮೂತಿಯ, ಅಂದರೆ ಹಿಮನದಿಯ ಕೆಳತುದಿಯ, ಲೆಕ್ಕ ಬೇರೆ. ಮೇಲೆ ಬರವಾದ ಸುದ್ದಿ ಕೆಳಗಿನ ತುದಿಗೆ ತಲುಪಬೇಕಲ್ಲ? ಮುನಿರಾಬಾದ್‌ನ ತುಂಗಭದ್ರಾ ಡ್ಯಾಮಿನಲ್ಲಿ ಗೇಟು ಎತ್ತಿದ ಗಳಿಗೆಯಲ್ಲೇ ಎಡದಂಡೆ ಕಾಲುವೆಯ ಕೊನೆಗೆ ನೀರು ಬರುತ್ತಾ? ದಿನಗಳೇ ಬೇಕು. ಹಿಮನದಿಗೆ ದಶಕಗಳು ಬೇಕು.

ಅಂದರೆ ನಿಮ್ಮ ಅಪ್ಪ 1991ರಲ್ಲಿ ನೋಡಿದ ಗೋಮುಖ ಅವರ ಅಜ್ಜನ ಕಾಲದ ಹವೆಯನ್ನು ಹೇಳುತ್ತಿತ್ತು. ನೀವು ಈಗ ನೋಡಿದ್ದರಲ್ಲಿ ದೊಡ್ಡ ಪಾಲು ನಿಮ್ಮ ಅಪ್ಪನ ಕಾಲದ್ದು. ಚಹಾದವರು ಹೇಳಿದ ಎರಡು ಮೂರು ವರ್ಷದ ಬಿಸಿಲಿಗೆ ಪೂರ್ತಿ ಉತ್ತರ ಆ ಮೂತಿಯಲ್ಲಿ ಇನ್ನೂ ಬಂದಿಲ್ಲ.

ಕಾಲುವೆ ಕೊನೆ, ಸಿಂಧನೂರು · ರಾತ್ರಿ 10:58

ಕಾಲುವೆ ಮಾತು ಬಂದಿದ್ದಕ್ಕೆ ಬರೆಯುತ್ತಿದ್ದೇನೆ. ನಮ್ಮ ಹೊಲ ಉಪಕಾಲುವೆಯ ಕಟ್ಟಕಡೆಗೆ ಇದೆ. ನೀರು ಬಿಟ್ಟ ಸುದ್ದಿ ಪೇಪರಿನಲ್ಲಿ ಬರುತ್ತೆ, ನಮ್ಮ ತೂಬಿಗೆ ನೀರು ಬರುವಷ್ಟರಲ್ಲಿ ಸಸಿ ಮಡಿ ಬಾಡಿರುತ್ತೆ. ಆದರೆ ಇನ್ನೊಂದೂ ಇದೆ. ಮೇಲೆ ಗೇಟು ಇಳಿಸಿದ ಮೇಲೂ ನಮ್ಮಲ್ಲಿ ನಾಲ್ಕು ದಿನ ನೀರು ಹರಿಯುತ್ತೆ. ಹೊಸಬರು ಅದನ್ನು ನೋಡಿ ನೀರು ಇದೆ ಅಂತ ನಂಬಿಬಿಡುತ್ತಾರೆ. ಇಲ್ಲೂ ಹಾಗೇನಾ? ತುದಿಯಲ್ಲಿ ಐಸು ಕಾಣುತ್ತಿದೆ ಅಂದರೆ ಮೇಲೆ ಇದೆ ಅಂತ ಅರ್ಥ ಅಲ್ಲ, ಅಲ್ವಾ?

ಹಿಮದ ಓದು · ರಾತ್ರಿ 11:20

ಹೌದು, ನೀವು ಹಿಡಿದದ್ದು ಸರಿಯಾದ ನಾಡಿ. ಮೇಲೆ ಆದಾಯ ನಿಂತ ಮೇಲೂ ಕೆಳಗೆ ಹಳೇ ಐಸು ಬರುತ್ತಲೇ ಇರುತ್ತದೆ.

ಎಷ್ಟು ದಿನ ಅನ್ನುವುದಕ್ಕೆ ಒಂದು ಸುಲಭ ಲೆಕ್ಕ ಇದೆ. 1989ರಲ್ಲಿ ಯೋಹಾನೆಸ್ಸನ್, ರೇಮಂಡ್, ವಾಡಿಂಗ್ಟನ್ ಅನ್ನುವ ಮೂವರು ಕೊಟ್ಟದ್ದು. ಹಿಮನದಿಯ ದಪ್ಪವನ್ನು ಅದರ ತುದಿಯಲ್ಲಿ ವರ್ಷಕ್ಕೆ ಎಷ್ಟು ಮೀಟರ್ ಕರಗುತ್ತದೋ ಅದರಿಂದ ಭಾಗಿಸಿ. 200 ಮೀಟರ್ ದಪ್ಪ, ವರ್ಷಕ್ಕೆ 5 ಮೀಟರ್ ಕರಗುತ್ತದೆ ಅಂದರೆ 40 ವರ್ಷ. ಅದೇ ದಪ್ಪಕ್ಕೆ ತುದಿಯಲ್ಲಿ 2 ಮೀಟರ್ ಮಾತ್ರ ಕರಗಿದರೆ 100 ವರ್ಷ. ಹವೆ ಬದಲಾದ ಮೇಲೆ ಹೊಸ ಅಳತೆಗೆ ಹೊಂದಿಕೊಳ್ಳುವುದಕ್ಕೆ ಬೇಕಾಗುವ ಕಾಲದ ಅಂದಾಜು ಇದು.

ಕಡಿದಾದ, ತೆಳುವಾದ ಹಿಮನದಿ ಬೇಗ ಮಾತು ಕೇಳುತ್ತದೆ. ನ್ಯೂಜಿಲೆಂಡಿನ ಫ್ರಾನ್ಸ್ ಜೋಸೆಫ್ ಹಾಗಿನದು. ಅಲ್ಲಿ ಹಿಮ ವಿಪರೀತ ಬೀಳುತ್ತದೆ, ಕರಗುವುದೂ ವಿಪರೀತ. 1983ರ ಮೇಲೆ ಕೆಲವು ತಂಪು ವರ್ಷ ಬಂದಾಗ ಅದು ಮುಂದಕ್ಕೆ ನುಗ್ಗಿತ್ತು. 2008ರ ನಂತರ ಓಡೋಡಿ ಹಿಂದೆ ಸರಿದಿದೆ. 1990ರ ದಶಕದಲ್ಲಿ ನಾರ್ವೆಯ ಕರಾವಳಿ ಕಡೆಯ ಹಿಮನದಿಗಳೂ ಚಳಿಗಾಲದ ಹಿಮ ಜಾಸ್ತಿ ಬಿದ್ದು ಮುಂದೆ ಬಂದಿದ್ದವು. ಗಂಗೋತ್ರಿಯಂತೆ ಉದ್ದವಾಗಿ, ಕೆಳಗೆ ಸಪಾಟಾಗಿ, ಮೈತುಂಬ ಕಲ್ಲು ಹೊದ್ದುಕೊಂಡದ್ದು ಬಹಳ ನಿಧಾನ.

ಆದ್ದರಿಂದ ಒಂದೇ ಕಣಿವೆಯ ಎರಡು ಹಿಮನದಿ ಒಂದೇ ವರ್ಷ ಬೇರೆ ಬೇರೆ ನಡೆದುಕೊಂಡರೆ ಗಾಬರಿಯಾಗಬೇಡಿ. ಎರಡೂ ಒಂದೇ ಹವೆಯನ್ನು ಬೇರೆ ಬೇರೆ ವೇಗದಲ್ಲಿ ಓದುತ್ತಿವೆ.

ಕೋಟೆ ಕೆಳಗಿನವನು, ಬಳ್ಳಾರಿ · ಮೇ 27, ಬೆಳಿಗ್ಗೆ 7:05

2035ರ ವಿಷಯ ತಿದ್ದಿದ್ದಕ್ಕೆ ಧನ್ಯವಾದ, ನಾನೇ ನಾಲ್ಕು ಜನಕ್ಕೆ ಹೇಳಿದ್ದೆ, ಇವತ್ತು ಅವರಿಗೂ ಹೇಳುತ್ತೇನೆ. ಆದರೂ ಎರಡು ಅನುಮಾನ. ಹಿಂದೆ ಹಿಮಯುಗ ಬಂತು, ಹೋಯಿತು, ಆಗ ಯಾರ ಕಾರ್ಖಾನೆ ಇತ್ತು? ಕಾಶ್ಮೀರದ ಉತ್ತರಕ್ಕಿರುವ ಕಾರಾಕೋರಂ ಬೆಟ್ಟಸಾಲಿನಲ್ಲಿ ಹಿಮನದಿ ಬೆಳೆಯುತ್ತಿದೆ ಅಂತಾರೆ, ಅದು ಹೇಗೆ? ವಾದಕ್ಕೆ ಕೇಳುತ್ತಿಲ್ಲ. ನಮ್ಮ ಜಿಲ್ಲೆಯಲ್ಲಿ ಗಣಿ ಧೂಳು ಕುಡಿದು ಬೆಳೆದವನು ನಾನು. ಮನುಷ್ಯ ಏನು ಮಾಡಬಲ್ಲ ಅಂತ ಗೊತ್ತು. ಆದರೆ ಎಲ್ಲವನ್ನೂ ಅದಕ್ಕೇ ಹಾಕುವುದು ಸರಿಯಾ ಅಂತ.

ಹಿಮದ ಓದು · ಬೆಳಿಗ್ಗೆ 8:30

ಎರಡೂ ಕೇಳಲೇಬೇಕಾದ ಪ್ರಶ್ನೆಗಳು. ಹಿಮಯುಗಕ್ಕೆ ಮೂಲ ಭೂಮಿ ಸೂರ್ಯನನ್ನು ಸುತ್ತುವ ದಾರಿ ಮತ್ತು ಅದರ ಓಲಾಟ. ಅವು ಹತ್ತಾರು ಸಾವಿರ ವರ್ಷಗಳಲ್ಲಿ ಬದಲಾಗುತ್ತವೆ. ಕಳೆದ ಹಿಮಯುಗ ಸುಮಾರು 20,000 ವರ್ಷಗಳ ಹಿಂದೆ ತುತ್ತತುದಿಯಲ್ಲಿತ್ತು. ಅದು ಕರಗಿ ಮುಗಿಯಲು ಸಾವಿರಾರು ವರ್ಷ ಹಿಡಿಯಿತು. ನಾವು ಈಗ ಮಾತಾಡುತ್ತಿರುವುದು ನೂರೈವತ್ತು ವರ್ಷದ ಲೆಕ್ಕ.

ಮಧ್ಯೆ ಕೆಲವು ಶತಮಾನಗಳ ಒಂದು ಸಣ್ಣ ಹಿಮಯುಗ ಬಂದು ಹೋಗಿದೆ. ಯುರೋಪಿನಲ್ಲಿ 1850ರವರೆಗೂ ಆಲ್ಪ್ಸ್ ಹಿಮನದಿಗಳು ಊರ ಅಂಚಿಗೆ ಬಂದು ನಿಂತಿದ್ದವು. ಆಮೇಲಿನ ಹಿಂಜರಿತದ ಮೊದಲ ಭಾಗದಲ್ಲಿ ಪ್ರಕೃತಿಯ ಪಾಲೆಷ್ಟು, ಮನುಷ್ಯನ ಪಾಲೆಷ್ಟು ಅಂತ ವಿಜ್ಞಾನಿಗಳಲ್ಲೇ ಚರ್ಚೆ ಇದೆ. ಅದಕ್ಕೆ ಕಾರಣವೂ ಈ ತಡವೇ. 1900ರಲ್ಲಿ ಸರಿದ ಮೂತಿ 1850ರ ಸುದ್ದಿ ಹೇಳುತ್ತಿರಬಹುದು. ಈಚಿನ ದಶಕಗಳ ವಿಷಯದಲ್ಲಿ ಆ ಚರ್ಚೆ ಇಲ್ಲ. ಕರಗುವಿಕೆಯಲ್ಲಿ ಹೆಚ್ಚಿನ ಪಾಲು ನಮ್ಮದೇ. 2000ದಿಂದ 2023ರವರೆಗೆ ಜಗತ್ತಿನ ಹಿಮನದಿಗಳು ವರ್ಷಕ್ಕೆ ಸರಾಸರಿ 273 ಶತಕೋಟಿ ಟನ್ ಐಸು ಕಳೆದುಕೊಂಡಿವೆ. 2022 ಮತ್ತು 2023, ಈ ಎರಡೇ ವರ್ಷದಲ್ಲಿ ಸ್ವಿಟ್ಜರ್ಲೆಂಡಿನ ಹಿಮನದಿಗಳ ಹತ್ತನೇ ಒಂದು ಪಾಲು ಹೋಯಿತು.

ಕಾರಾಕೋರಂ ವಿಷಯ ನಿಜ. ಅಲ್ಲಿ ಚಳಿಗಾಲದ ಪಶ್ಚಿಮ ಗಾಳಿಯಿಂದ ಹಿಮ ಬೀಳುತ್ತದೆ, ಎತ್ತರವೂ ಜಾಸ್ತಿ. ಹಾಗಾಗಿ ಬಹಳ ಹಿಮನದಿಗಳು ಕೆಲವು ದಶಕ ಹೆಚ್ಚುಕಡಿಮೆ ಸಮ ತೂಗುತ್ತಿದ್ದವು. ಕೆನ್ನೆತ್ ಹೆವಿಟ್ 2005ರಲ್ಲಿ ಇದಕ್ಕೆ ಕಾರಾಕೋರಂ ವೈಚಿತ್ರ್ಯ ಅಂತ ಹೆಸರಿಟ್ಟರು. ಕೆಲವಂತೂ ಹವೆಗೆ ನೇರ ಸಂಬಂಧ ಇಲ್ಲದೆ, ಅಡಿಯಲ್ಲಿ ನೀರು ಸೇರಿ ಜಾರಿ ಇದ್ದಕ್ಕಿದ್ದ ಹಾಗೆ ಮುಂದೆ ನುಗ್ಗುತ್ತವೆ. ನಮ್ಮ ಮಧ್ಯ ಹಿಮಾಲಯದ ಪಾಡು ಬೇರೆ. ಅಲ್ಲಿ ಹೆಚ್ಚಾಗಿ ಮುಂಗಾರೇ ಹಿಮ ತರುವುದು. ಆದಾಯವೂ ಆಗಲೇ, ಕರಗುವ ಖರ್ಚೂ ಆಗಲೇ. ಸ್ವಲ್ಪ ಬಿಸಿಯಾದರೂ ಹಿಮ ಬೀಳಬೇಕಾದಲ್ಲಿ ಮಳೆ ಬೀಳುತ್ತದೆ. ಆದಾಯ ತಪ್ಪಿತು. ಹೊಸ ಬಿಳಿ ಹಿಮ ಬಿಸಿಲಿನ ಹತ್ತರಲ್ಲಿ ಎಂಟು ಪಾಲು ವಾಪಸು ಕಳಿಸುತ್ತಿತ್ತು, ಅದು ಇಲ್ಲದೆ ಕೊಳೆಯಾದ ಹಳೇ ಐಸು ಬಿಸಿಲು ಕುಡಿಯುತ್ತದೆ. ಖರ್ಚೂ ಜಾಸ್ತಿಯಾಯಿತು. 1 ಡಿಗ್ರಿ ಬಿಸಿಯನ್ನು ಸರಿದೂಗಿಸಲು ಹಿಮಪಾತ ಕಾಲು ಭಾಗಕ್ಕೂ ಮೇಲೆ ಹೆಚ್ಚಬೇಕು. ಅಷ್ಟು ಎಲ್ಲಿಂದ ಬರಬೇಕು?

ಆನೆಗೊಂದಿ ದಂಡೆ · ಬೆಳಿಗ್ಗೆ 9:15

ಹಿಮಯುಗ ಅಂದಿದ್ದಕ್ಕೆ ಒಂದು ಪ್ರಶ್ನೆ. ನಮ್ಮೂರಿನ ಬಂಡೆಗಳನ್ನು ನೋಡಿದ ಪ್ರವಾಸಿಗರೊಬ್ಬರು, ಇವನ್ನೆಲ್ಲ ಹಿಮನದಿ ತಂದು ಹಾಕಿದ್ದು ಅಂದರು. ಹೌದಾ?

ಕಲ್ಲು ಪಾಠ, ಬಳ್ಳಾರಿ · ಬೆಳಿಗ್ಗೆ 10:02

ಇಲ್ಲ. ಕಾಲೇಜಿನಲ್ಲಿ ಭೂವಿಜ್ಞಾನ ಪಾಠ ಮಾಡಿ ನಿವೃತ್ತನಾದವನು ನಾನು, ಈ ಪ್ರಶ್ನೆ ಪ್ರತಿ ವರ್ಷ ಕೇಳಿದ್ದೇನೆ. ಆನೆಗೊಂದಿ, ಹಂಪಿ ಬಂಡೆಗಳು ಎಲ್ಲಿಂದಲೂ ಬಂದಿಲ್ಲ, ಇದ್ದಲ್ಲೇ ಆದವು. ಸುಮಾರು 250 ಕೋಟಿ ವರ್ಷದ ಗ್ರಾನೈಟು. ಅದರಲ್ಲಿ ಅಡ್ಡ ಉದ್ದ ಸೀಳುಗಳಿವೆ. ನೀರು ಆ ಸೀಳಿನೊಳಗೆ ಇಳಿದು ಮೂಲೆಗಳನ್ನು ಕೊಳೆಸುತ್ತದೆ, ಚೌಕ ತುಂಡು ಉರುಟಾಗುತ್ತದೆ. ಪುಡಿಮಣ್ಣು ಕೊಚ್ಚಿಹೋಗಿ ಉಂಡೆ ಉಳಿಯುತ್ತದೆ. ಹಿಮನದಿ ತಂದ ಬಂಡೆಯಾಗಿದ್ದರೆ ಕೆಳಗಿನ ನೆಲಕ್ಕೂ ಅದಕ್ಕೂ ಜಾತಿ ಬೇರೆ ಇರುತ್ತಿತ್ತು. ಮೈಮೇಲೆ ಉಜ್ಜಿದ ಗೀರುಗಳೂ ಇರುತ್ತಿದ್ದವು.

ಆ ಉಜ್ಜುವಿಕೆಯ ಪುಡಿಯನ್ನೇ ಕೊಪ್ಪಳದವರು ನೋಡಿ ಬಂದಿರುವುದು. ಭಾಗೀರಥಿಯ ಸಿಮೆಂಟು ಬಣ್ಣ ಅದೇ. ಐಸಿನ ಅಡಿಯಲ್ಲಿ ಸಿಕ್ಕ ಕಲ್ಲು ಬೀಸುಕಲ್ಲಿನಂತೆ ತಳವನ್ನು ಅರೆಯುತ್ತದೆ. ಹಿಟ್ಟು ನೀರಿನಲ್ಲಿ ತೇಲಿ ಬರುತ್ತದೆ.

ಇನ್ನೊಂದು ಮಾತು. ಗೋಮುಖದ ಮೂತಿಯ ನಕ್ಷೆಯನ್ನು 1935ರಲ್ಲೇ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಆಡನ್ ಮಾಡಿದ್ದರು. ನಮ್ಮ ಸಂಗನಕಲ್ಲಿನ ಗುಡ್ಡದಲ್ಲಿ ಕಲ್ಲಿನ ಆಯುಧಗಳನ್ನು ಗುರುತಿಸಿದ ರಾಬರ್ಟ್ ಬ್ರೂಸ್ ಫೂಟ್ ಕೂಡ ಅದೇ ಇಲಾಖೆಯವರು. ಅವತ್ತು ಒಬ್ಬರು ಕೂತು ನಕ್ಷೆ ಬರೆದಿಟ್ಟದ್ದರಿಂದ ಇವತ್ತು ನಾವು ಅಳೆಯಬಹುದು. ಕಳೆದ ಶತಮಾನದ ಸರಾಸರಿ ವರ್ಷಕ್ಕೆ ಸುಮಾರು 20 ಮೀಟರ್ ಹಿಂಜರಿತ ಅನ್ನುವುದು ಹಾಗೆ ಬಂದದ್ದು.

ಕಾಲುವೆ ಕೊನೆ, ಸಿಂಧನೂರು · ಮಧ್ಯಾಹ್ನ 1:30

ಊಟಕ್ಕೆ ಬಂದವನು ಓದುತ್ತಾ ಕೂತೆ. ಮೂತಿಯ ಸುದ್ದಿ ಹಳೇದು ಅಂದಿರಿ. ಹಾಗಾದರೆ ಈಗಿನ ಸುದ್ದಿ ಎಲ್ಲಿ ನೋಡುತ್ತೀರಿ?

ಹಿಮದ ಓದು · ಮಧ್ಯಾಹ್ನ 2:10

ಹೊಟ್ಟೆಯಲ್ಲಿ. ಅಂದರೆ ದಪ್ಪದಲ್ಲಿ. ಮೂತಿ ಸರಿಯುವ ವೇಗ ಒಂದು ವರ್ಷ ಜಾಸ್ತಿ, ಒಂದು ವರ್ಷ ಕಡಿಮೆ. ಕಡಿಮೆಯಾದ ವರ್ಷ ಪೇಪರಿನವರು ಹಿಮನದಿ ಸುಧಾರಿಸಿತು ಅಂತ ಬರೆಯುತ್ತಾರೆ. ಅದೇ ಹೊತ್ತಿಗೆ ಮೇಲೆ ಕಿಲೋಮೀಟರುಗಟ್ಟಲೆ ಐಸು ತೆಳುವಾಗುತ್ತಿರುತ್ತದೆ, ಅದು ಕಣ್ಣಿಗೆ ಬೀಳುವುದಿಲ್ಲ.

ಅಳೆಯುವುದು ಹೀಗೆ. ಕೆಳಭಾಗದಲ್ಲಿ ಐಸಿಗೆ ಆಳವಾಗಿ ತೂತು ಕೊರೆದು ಬಿದಿರಿನ ಕೋಲು ಇಳಿಸುತ್ತೇವೆ. ಮುಂದಿನ ವರ್ಷ ಹೋದರೆ ಕೋಲು ಎಷ್ಟು ಹೊರಗೆ ಬಂದಿದೆಯೋ ಅಷ್ಟು ಕರಗಿದೆ. ಮೇಲೆ ಹಿಮದಲ್ಲಿ ಗುಂಡಿ ತೋಡಿ ಪದರ ಎಣಿಸಿ ತೂಕ ನೋಡುತ್ತೇವೆ. ಕೂಡಿ ಕಳೆದರೆ ಆ ವರ್ಷದ ಜಮಾ ಖರ್ಚು. ಸ್ವೀಡನ್ನಿನ ಸ್ಟೋರ್‌ಗ್ಲೇಸಿಯಾರೆನ್‌ನಲ್ಲಿ 1940ರ ದಶಕದಿಂದ ಬಿಡದೆ ಮಾಡುತ್ತಿದ್ದಾರೆ. ನಮ್ಮಲ್ಲಿ ಹಿಮಾಚಲದ ಛೋಟಾ ಶಿಗ್ರಿಯಲ್ಲಿ 2002ರಿಂದ ಇದೆ.

ಕಾಲುವೆ ಕೊನೆ, ಸಿಂಧನೂರು · ಮಧ್ಯಾಹ್ನ 2:35

ಈಗ ತಿಳಿಯಿತು. ಇದು ನಮ್ಮ ಡ್ಯಾಮಿನ ಕತೆಯೇ. ದಂಡೆಯಲ್ಲಿ ನಿಂತು ನೋಡಿದರೆ ತುಂಬಿದ ಗುರುತು ಇವತ್ತೂ 1633 ಅಡಿಯೇ, ತುಂಬಿದಾಗ ಜನ ಬಾಗಿನ ಕೊಡ್ತಾರೆ. ಆದರೆ ಕಟ್ಟಿದಾಗ 133 ಟಿಎಂಸಿ ಹಿಡಿಯುತ್ತಿದ್ದದ್ದು ಈಗ ಸುಮಾರು 105. ಹೂಳು ತುಂಬಿ ಹೊಟ್ಟೆ ಸಣ್ಣದಾಗಿದೆ. ಅಂಚು ಅಲ್ಲೇ ಇದೆ, ಒಳಗೆ ಇಲ್ಲ. ನಮ್ಮ ಎರಡನೇ ಬೆಳೆ ಹೋಗುವುದು ಆ ಕಾಣದ ಲೆಕ್ಕದಲ್ಲಿ.

ಹಿಮದ ಓದು · ಮಧ್ಯಾಹ್ನ 2:50

ಇದನ್ನು ನನ್ನ ಪಾಠದಲ್ಲಿ ಬಳಸಿಕೊಳ್ಳುತ್ತೇನೆ, ಅಡ್ಡಿ ಇಲ್ಲ ತಾನೇ?

ಗವಿಮಠ ಓಣಿಯವರ ಎರಡನೇ ಪ್ರಶ್ನೆ ಬಾಕಿ ಇತ್ತು, ಇಷ್ಟಕ್ಕೇ ನಿಂತರೆ ಅದೂ ನಿಲ್ಲುತ್ತಾ ಅಂತ. ನಿಲ್ಲುವುದಿಲ್ಲ. ಈಗಿನ ಹಿಮನದಿಗಳು ಈಗಿನ ಹವೆಗೆ ದೊಡ್ಡವಾದವು, ಹಳೇ ತಂಪಿನ ಅಳತೆಗೆ ಹೊಲಿದ ಅಂಗಿ. ಇಂದಿನ ತಾಪಮಾನ ಇಲ್ಲಿಗೇ ನಿಂತರೂ ಜಗತ್ತಿನ ಹಿಮನದಿಗಳ ಐದರಲ್ಲಿ ಸುಮಾರು ಎರಡು ಪಾಲು ಐಸು ಮುಂದಿನ ಶತಮಾನಗಳಲ್ಲಿ ಹೋಗುತ್ತದೆ ಅಂತ 2025ರ ಒಂದು ದೊಡ್ಡ ಅಧ್ಯಯನ ಹೇಳಿದೆ. ಇದನ್ನು ಓದಿದ ದಿನ ನನಗೆ ಕೆಲಸ ಮಾಡೋಕೆ ಆಗಲಿಲ್ಲ. ಆದರೆ ಉಳಿದ ಮೂರು ಪಾಲಿನಲ್ಲಿ ಎಷ್ಟು ಉಳಿಯುತ್ತದೆ ಅನ್ನುವುದು ಇನ್ನೂ ನಮ್ಮ ಕೈಯಲ್ಲಿದೆ. ತಡವಾಗಿ ಉತ್ತರ ಕೊಡುವ ಗುಣ ಅಲ್ಲಿಯೂ ಇರುತ್ತದೆ. ಈಗ ತಪ್ಪಿಸಿದ ಪ್ರತಿ ಕಾಲು ಡಿಗ್ರಿಯ ಫಲ ಮುಂದಿನವರ ಕಾಲಕ್ಕೆ ಕಾಣುತ್ತದೆ.

ಮುನಿರಾಬಾದ್ ಕಡೆಯವಳು · ಸಂಜೆ 6:20

ನಮ್ಮ ತುಂಗಭದ್ರೆಯಲ್ಲಿ ಒಂದು ಹನಿಯೂ ಹಿಮದ ನೀರಿಲ್ಲ. ಗಂಗಾಮೂಲದ ಮಳೆ, ಅಷ್ಟೇ. ಗಂಗೆಯಲ್ಲೂ ಬಯಲಿಗೆ ಬಂದ ಮೇಲೆ ಮಳೆ ನೀರೇ ಹೆಚ್ಚು, ಸಿಂಧೂ ನದಿಗೆ ಹಿಮದ ಆಸರೆ ಜಾಸ್ತಿ ಅಂತ ಓದಿದ್ದೇನೆ. ಆದರೂ ನನಗೆ ಇದು ದೂರದ ಸುದ್ದಿ ಅನಿಸುವುದಿಲ್ಲ. ಹಿಮನದಿ ಸರಿದ ಜಾಗದಲ್ಲಿ ಕೆರೆ ನಿಲ್ಲುತ್ತೆ, ಅದಕ್ಕೆ ಕಟ್ಟೆ ಅಂದರೆ ಬರೀ ಸಡಿಲ ಕಲ್ಲುಮಣ್ಣು. 2023ರ ಅಕ್ಟೋಬರಿನಲ್ಲಿ ಸಿಕ್ಕಿಂನ ದಕ್ಷಿಣ ಲೊನಾಕ್ ಕೆರೆ ಒಡೆದು ತೀಸ್ತಾ ಅಣೆಕಟ್ಟನ್ನೇ ಕೊಚ್ಚಿಕೊಂಡು ಹೋಯಿತು. ಮುಂದಿನ ವರ್ಷ ಆಗಸ್ಟ್ 10ರ ರಾತ್ರಿ ನಮ್ಮ ಡ್ಯಾಮಿನ 19ನೇ ಗೇಟು ಹೋದಾಗ ಮನೆಯವರೆಲ್ಲ ಹೊರಗೆ ನಿಂತು ನೀರಿನ ಸದ್ದು ಕೇಳಿದ್ದೆವು. ಆ ಸದ್ದು ಕೇಳಿದವರಿಗೆ ತೀಸ್ತಾ ದಂಡೆಯವರ ರಾತ್ರಿ ಹೇಗಿತ್ತು ಅಂತ ಹೇಳಬೇಕಾಗಿಲ್ಲ.

ವಿಜ್ಞಾನ ಟೀಚರ್, ರಾಯಚೂರು · ಮೇ 31, ಸಂಜೆ 5:45

ನಾಲ್ಕು ದಿನ ಈ ಚರ್ಚೆ ಓದಿ, ಕಲ್ಲು ಹೊದ್ದುಕೊಂಡ ಹಿಮನದಿ ನಿಧಾನ ಅಂದದ್ದು ಮನಸ್ಸಿನಲ್ಲೇ ಕೊರೆಯುತ್ತಿತ್ತು. ಧೂಳು ಬಿದ್ದರೆ ಬೇಗ ಕರಗುತ್ತೆ ಅಂತಲೂ ಓದಿದ್ದೆ. ಎರಡೂ ಹೇಗೆ ನಿಜ? ಇವತ್ತು ಓಣಿಯ ಮಕ್ಕಳನ್ನು ಕೂಡಿಸಿ ಮಾಳಿಗೆ ಮೇಲೆ ಮಾಡಿ ನೋಡಿದೆವು. ಒಂದೇ ಅಳತೆಯ ಮೂರು ಐಸು ಗಡ್ಡೆ, ಮೂರು ತಟ್ಟೆ. ಒಂದನ್ನು ಹಾಗೇ ಬಿಟ್ಟೆವು. ಒಂದರ ಮೇಲೆ ಕಪ್ಪು ಎರೆಮಣ್ಣಿನ ಪುಡಿಯನ್ನು ಚಹಾ ಸೋಸುವ ಜಾಲರಿಯಲ್ಲಿ ತೆಳ್ಳಗೆ ಉದುರಿಸಿದೆವು. ಮೂರನೆಯದಕ್ಕೆ ಅದೇ ಮಣ್ಣನ್ನು ನಾಲ್ಕು ಬೆರಳು ದಪ್ಪ ಮುಚ್ಚಿದೆವು.

ಧೂಳಿನದು ಮೊದಲು ಹೋಯಿತು. ಕಪ್ಪು ಕಣ ಇದ್ದಲ್ಲೆಲ್ಲ ಸೂಜಿ ಚುಚ್ಚಿದಂತೆ ಗುಂಡಿ ಬಿದ್ದಿತ್ತು, ಮಕ್ಕಳು ಭೂತಗನ್ನಡಿಯಲ್ಲಿ ಎಣಿಸಿದರು. ಆಮೇಲೆ ಬರೀ ಐಸು. ದಪ್ಪ ಮಣ್ಣಿನದನ್ನು ಬಹಳ ಹೊತ್ತು ಬಿಟ್ಟು ಕೆದಕಿದರೆ ಒಳಗೆ ಇನ್ನೂ ಮುಷ್ಟಿಯಷ್ಟು ಗಟ್ಟಿ ಗಡ್ಡೆ ಇತ್ತು. ಒಬ್ಬ ಹುಡುಗ ಆಗಲೇ ಹೇಳಿದ, ಐಸು ಮಾರುವವರು ಭತ್ತದ ಹೊಟ್ಟು ಮುಚ್ಚುತ್ತಾರಲ್ಲ ಟೀಚರ್, ಅದೇ ಇದು ಅಂತ.

ಹಿಮದ ಓದು · ಸಂಜೆ 6:30

ಆ ಹುಡುಗನಿಗೆ ನನ್ನ ಶಾಭಾಸ್ ಹೇಳಿ. 1959ರಲ್ಲಿ ಓಸ್ಟ್ರೆಮ್ ಅನ್ನುವವರು ಇದನ್ನೇ ಅಳೆದು ಗೆರೆ ಎಳೆದು ತೋರಿಸಿದರು. ಒಂದೆರಡು ಸೆಂಟಿಮೀಟರಿನೊಳಗಿನ ಹೊದಿಕೆ ಕರಗಿಸುತ್ತದೆ, ಅದಕ್ಕಿಂತ ದಪ್ಪವಾದರೆ ಕಾಪಾಡುತ್ತದೆ. ಹಿಮಾಲಯದ ಮೇಲ್ಭಾಗದ ಬರಿ ಐಸಿನ ಮೇಲೆ ಬಯಲಿನ ಹೊಗೆಮಸಿ ಹೋಗಿ ಕೂರುವುದು ಆ ಮೊದಲ ಬಗೆಯದು. ಗೋಮುಖದ ಹತ್ತಿರದ ಕಲ್ಲು ಎರಡನೆಯದು. ಅಲ್ಲಿ ಮೂತಿ ಸರಿಯುವುದರ ಜೊತೆಗೆ, ಕಲ್ಲಿನ ಅಡಿಯಲ್ಲೇ ಐಸು ಕುಸಿಯುತ್ತಾ ಬರುತ್ತದೆ.

ಗವಿಮಠ ಓಣಿಯವರೇ, ನೀವು ಕಳಿಸಿದ ಅಪ್ಪನ ಫೋಟೋ ದೊಡ್ಡದು ಮಾಡಿ ನೋಡಿದೆ. ಎಲ್ಲರೂ ಗುಹೆಯ ಬಾಯಿ ನೋಡುತ್ತಾರೆ, ನೀವು ಅವರ ಎಡ ಭುಜದ ಮೇಲೆ ನೋಡಿ. ಪಕ್ಕದ ಮಣ್ಣುದಿಬ್ಬದ ಅರ್ಧ ಎತ್ತರದವರೆಗೆ ಐಸು ಇದೆ. ನೀವು ಈಗ ತೆಗೆದ ಫೋಟೋದಲ್ಲಿ ಆ ದಿಬ್ಬ ಕತ್ತರಿಸಿ ಹೋಗಿದೆ. ಪೂರ್ತಿ ಬಂದಿರುವುದು ಯಾವುದಾದರೂ ಇದೆಯಾ? ಅದೊಂದು ಸಿಕ್ಕರೆ ಎಷ್ಟು ತೆಳುವಾಗಿದೆ ಅಂತ ಅಂದಾಜು ಮಾಡಬಹುದು.

ಗವಿಮಠ ಓಣಿ, ಕೊಪ್ಪಳ · ರಾತ್ರಿ 8:05

ನಾನು ಇಷ್ಟು ವರ್ಷ ಆ ಫೋಟೋದಲ್ಲಿ ಅಪ್ಪನ ಮುಖ ಬಿಟ್ಟು ಬೇರೇನೂ ನೋಡಿರಲಿಲ್ಲ. ಈಗ ತೆಗೆದು ನೋಡಿದೆ. ಹೌದು, ಭುಜದ ಮೇಲೆ ಬೂದು ಬಣ್ಣದ ಪಟ್ಟಿ ಇದೆ. ಜೊತೆಗೆ ಬಂದಿದ್ದವರ ಫೋನಿನಲ್ಲಿ ಎಡಗಡೆ ಪೂರ್ತಿ ಬಂದಿರುವ ಫೋಟೋ ಇದೆ. ಅವರು ಕುಷ್ಟಗಿಯಲ್ಲಿದ್ದಾರೆ, ನಾಳೆ ತರಿಸಿ ಕಳಿಸುತ್ತೇನೆ.